ಸೇತುವೆಯ ಮೇಲೆ ಮದುವೆಯ ಕರೆ

ಗುಬ್ಬಿಯ ಕೊಬ್ಬರಿ ವ್ಯಾಪಾರಿ ರೇವಣಸಿದ್ದಯ್ಯನವರು ಚೀನಾಕ್ಕೆ ಹೋದದ್ದು ಚೀನಾ ನೋಡಬೇಕು ಅಂತಲ್ಲ. ತಮ್ಮನ ಮಗಳು ನಂದಿತಾ ಟೂರಿನ ಟಿಕೆಟ್ಟು ತೆಗೆದು, "ದೊಡ್ಡಪ್ಪಾ, ನೀನು ದೊಡ್ಡಮ್ಮ ಹೋಗ್ಲೇಬೇಕು" ಎಂದು ಹಟ ಹಿಡಿದಳು, ಹೋದರು. ಆ ಹುಡುಗಿ ಬಾವಿಗೆ ಬೀಳು ಎಂದಿದ್ದರೂ, ಯಾವ ಬಾವಿ ಅಂತ ಕೇಳಿ ಬೀಳುವ ಮನುಷ್ಯ ಅವರು. ಅವಳ ಅಪ್ಪನಿಗೆ ಬ್ಯಾಂಕಿನ ಕೆಲಸ, ಊರೂರಿಗೆ ವರ್ಗ. ಹಾಗಾಗಿ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅವಳು ಬೆಳೆದದ್ದು ಗುಬ್ಬಿಯಲ್ಲಿ, ಮಕ್ಕಳಿಲ್ಲದ ಈ ದೊಡ್ಡಪ್ಪನ ಮನೆಯಲ್ಲಿ.

ವಿಮಾನ ನಿಲ್ದಾಣದಲ್ಲಿ ನೋಡುತ್ತಾರೆ, ಅದೇ ಟೂರಿನ ಅದೇ ಹಳದಿ ಟೋಪಿ ಹಾಕಿಕೊಂಡು ತಮ್ಮ ಚನ್ನವೀರಯ್ಯ ನಿಂತಿದ್ದಾನೆ! ಪಕ್ಕದಲ್ಲಿ ಅವನ ಹೆಂಡತಿ ಸಿದ್ದಗಂಗಮ್ಮ. ಹುಡುಗಿ ಇಬ್ಬರಿಗೂ ಸೇರಿಸಿ ಒಂದೇ ಟೋಪಿ ಹಾಕಿದ್ದಳು. ವಾಪಸು ಹೋಗೋಣ ಎಂದರೆ ಪೆಟ್ಟಿಗೆಗಳು ಆಗಲೇ ಒಳಗೆ ಹೋಗಿದ್ದವು.

ಅಣ್ಣತಮ್ಮಂದಿರು ಮಾತು ಬಿಟ್ಟು ಒಂಬತ್ತು ವರ್ಷ. ಕಾರಣ ಕೇಳಿದರೆ ನೀವು ನಗುತ್ತೀರಿ. ಅವರ ಎದುರಿಗೆ ಮಾತ್ರ ನಗಬೇಡಿ. ಅಪ್ಪ ಲಿಂಗೈಕ್ಯರಾದ ಮೇಲೆ ಶಿವಗಣಾರಾಧನೆ ಇಟ್ಟುಕೊಂಡಿದ್ದರು. ಸ್ವಾಮಿಗಳ ಪಾದಪೂಜೆಗೆ ಕೂರಬೇಕಾದವನು ಹಿರಿಯ ಮಗ. ಸ್ವಾಮಿಗಳು ಪೀಠದ ಮೇಲೆ ಕೂತದ್ದೂ, ಅಡುಗೆಯ ಕಡೆಯಿಂದ ಪಾಯಸ ತಳ ಹಿಡಿದ ವಾಸನೆ ಬಂದದ್ದೂ ಒಂದೇ ಹೊತ್ತಿಗೆ. ರೇವಣಸಿದ್ದಯ್ಯನವರು ಎದ್ದು ಓಡಿದರು. ಸ್ವಾಮಿಗಳಿಗೆ ಕುಣಿಗಲ್‌ನಲ್ಲಿ ಇನ್ನೊಂದು ಕಾರ್ಯಕ್ರಮ, ಹೊತ್ತಾಗುತ್ತಿತ್ತು. "ಯಾರಾದ್ರೂ ಕೂತ್ಕೊಳ್ರಪ್ಪಾ" ಎಂದರು. ಚನ್ನವೀರಯ್ಯ ಕೂತ. ಅಣ್ಣ ಸೌಟು ಹಿಡಿದುಕೊಂಡೇ ವಾಪಸು ಬಂದಾಗ ಪೂಜೆ ಮುಗಿದು ಪಾದೋದಕ ಹಂಚುತ್ತಿದ್ದರು. ಆವತ್ತು ಬಾಯಿಗೆ ಬಿದ್ದ ಬೀಗ ಇವತ್ತಿನವರೆಗೆ ತೆಗೆದಿಲ್ಲ. ವಾರಗಿತ್ತಿಯರಿಬ್ಬರು ಮಾತ್ರ ದಿನಾ ಮಧ್ಯಾಹ್ನ ಫೋನು ಹಚ್ಚಿ, ಸಾರಿಗೆ ಏನು ಹಾಕಿದೆ ಎನ್ನುವುದರಿಂದ ಹಿಡಿದು ಗಂಡಂದಿರ ಬಿಪಿಯವರೆಗೆ ಎಲ್ಲ ಮಾತಾಡಿಕೊಳ್ಳುತ್ತಿದ್ದರು. ಗಂಡಂದಿರಿಗೆ ಇದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕೂರುತ್ತಿದ್ದರು, ಅಷ್ಟೆ.

ಈಗ ನಂದಿತಾಳ ಮದುವೆ ಗೊತ್ತಾಗಿದೆ. ಬರುವ ತಿಂಗಳು, ಕ್ಯಾತ್ಸಂದ್ರದ ಛತ್ರದಲ್ಲಿ. ಲಗ್ನಪತ್ರಿಕೆ ವಾಟ್ಸಾಪಿನಲ್ಲಿ ಬಂತು. ರೇವಣಸಿದ್ದಯ್ಯನವರ ಹೆಂಡತಿ ಕರಿಬಸಮ್ಮ ಹೊಸ ಸೀರೆಗೆ ಫಾಲ್ಸ್ ಹಾಕಿಸಿಯೂ ಆಯಿತು. ಆದರೆ ಅವರ ಮನೆತನದಲ್ಲಿ ಕರೆ ಎಂದರೆ ಎಲೆ ಅಡಿಕೆ ಹಿಡಿದು ಬಂದು, ಬಾಯಿ ಬಿಟ್ಟು 'ಬಾ' ಎನ್ನುವುದು. ಒಡಹುಟ್ಟಿದ ತಮ್ಮ ಬಾಯಿ ಬಿಡದ ಮದುವೆಗೆ ಹೋಗಿ ಊಟದ ಸಾಲಲ್ಲಿ ನಿಲ್ಲಲು ತಾವೇನು ಬಸ್‌ಸ್ಟ್ಯಾಂಡಿನಿಂದ ಬಂದವರೇ? ಸುತಾರಾಂ ಹೋಗುವುದಿಲ್ಲ ಎಂದುಬಿಟ್ಟರು. ಹಾಗೆಂದ ದಿನ ಅವರಿಗೆ ಊಟ ಸೇರಲಿಲ್ಲ. ತಮ್ಮ ಎದೆಯ ಮೇಲೆ ಮಲಗಿ ಬೆಳೆದ ಕೂಸಿಗೆ ಧಾರೆಯಾಗುವಾಗ ತಾವು ಗುಬ್ಬಿಯಲ್ಲಿ ಕೊಬ್ಬರಿ ತೂಗಿಸುತ್ತಾ ಕೂತಿರಬೇಕಲ್ಲ ಎಂದು ನೆನೆದಾಗಲೆಲ್ಲ ತೂಕದ ಲೆಕ್ಕ ತಪ್ಪುತ್ತಿತ್ತು.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಕರಿಬಸಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದಾಗ, ಇವರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಿದ್ದರು. ಗೇಟಿನ ಸದ್ದಾಯಿತು. "ಅಣ್ಣಾ" ಎಂದಿತು ಒಂದು ದನಿ. ಲಿಂಗಪೂಜೆಗೆ ಕೂತವರು ನಡುವೆ ಮಾತಾಡುವಂತಿಲ್ಲ, ಏಳುವಂತಿಲ್ಲ. ಒಪ್ಪೋಣ. ಆದರೆ ಅವರದು ಗಡಿಬಿಡಿಯ ವ್ಯಾಪಾರಿಯ ಪೂಜೆ, ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಮುಗಿಯುತ್ತಿತ್ತು. ಆವತ್ತು ಬರುವ ವಚನಗಳನ್ನೆಲ್ಲ ಹೇಳಿ, ಹೇಳಿದ್ದನ್ನೇ ಮತ್ತೆ ಹೇಳಿ, ಶಿವನೇ 'ಸಾಕು ಬಿಡಯ್ಯಾ' ಎನ್ನುವಷ್ಟು ಪೂಜೆ ಮಾಡಿದರು. ಕಾಯಲಿ, ಇನ್ನೊಂದು ಸಲ ಅಣ್ಣಾ ಅನ್ನಲಿ ಎಂಬ ಆಸೆ. ಎದ್ದು ಬಂದಾಗ ಜಗಲಿ ಖಾಲಿ. ಬಂದವನು ಕರೆಯದೇ ಹೋದ ಎಂದು ತೀರ್ಮಾನ ಮಾಡಿಕೊಂಡರು. ಅನುಕೂಲವಾದ ತೀರ್ಮಾನಕ್ಕೆ ಬರಲು ಯಾರಿಗೂ ತಡವಾಗುವುದಿಲ್ಲ ನೋಡಿ.

ಹೀಗೆ ಒಬ್ಬರು ಬಸ್ಸಿನ ಮೊದಲ ಸೀಟಿನಲ್ಲಿ, ಇನ್ನೊಬ್ಬ ಕೊನೆಯ ಸೀಟಿನಲ್ಲಿ ಕೂತು ಚೀನಾ ಸುತ್ತಿದರು. ಹೆಂಡತಿಯರು ನಡುವಿನ ಸೀಟಿನಲ್ಲಿ ಜೊತೆಯಾಗಿ ಕೂತು ಚಟ್ನಿಪುಡಿ ಅವಲಕ್ಕಿ ತಿಂದರು. ಮಾತು ಹೆಚ್ಚಾಗಿ ಗಂಡಂದಿರಿಬ್ಬರ ಮೇಲೆಯೇ ನಡೆಯುತ್ತಿತ್ತು.

ಕೊನೆಗೆ ಬಂದದ್ದು ಹೊಳೆಯ ದಂಡೆಯ ಒಂದು ಹಳೇ ಊರಿಗೆ. ಅಲ್ಲಿ ನೋಡಬೇಕಾದ್ದು ಒಂದು ಸೇತುವೆ. ಸೇತುವೆ ಎಂದರೆ ಬರಿ ಸೇತುವೆಯಲ್ಲ. ಈ ದಂಡೆಯಿಂದ ಆ ದಂಡೆಯವರೆಗೆ ಹೆಂಚಿನ ಮಾಡು, ಸಾಲಾಗಿ ಮರದ ಕಂಬಗಳು, ಎರಡೂ ಬದಿಗೆ ಕೂರಲು ಹಲಗೆ. ನಮ್ಮ ಕಡೆಯ ಮನೆಯ ಜಗಲಿಯನ್ನು ಎತ್ತಿ ನೀರಿನ ಮೇಲೆ ಇಟ್ಟ ಹಾಗಿತ್ತು.

"ನೂರಾರು ವರ್ಷ ಹಳೇದು ಸಾರ್" ಎಂದ ಟೂರ್ ಮ್ಯಾನೇಜರ್ ಲಕ್ಷ್ಮೀಕಾಂತ್, ಬಾವುಟ ಎತ್ತಿ ಹಿಡಿದು.

"ಸೇತುವೆಗ್ ಯಾಕಪ್ಪಾ ಮಾಡು?" ಎಂದರು ರೇವಣಸಿದ್ದಯ್ಯನವರು.

"ಮಳೆ ಬಂದ್ರೆ ಜನ ನೆನೀಬಾರ್ದು ಅಂತ. ನಮ್ಮೋರು ಬಸ್‌ಸ್ಟಾಪಿಗೇ ಇನ್ನೂ ಹಾಕ್ಸಿಲ್ಲ" ಎಂದರು ಕರಿಬಸಮ್ಮ.

ಸೇತುವೆಯ ನಡುಮಧ್ಯೆ ಒಂದು ಗೂಡು, ಒಳಗೆ ಯಾವುದೋ ದೇವರು, ಮುಂದೆ ಊದುಬತ್ತಿಯ ಹೊಗೆ. ಬಾಗಿಲಿನಿಂದಲೇ ಅದನ್ನು ಕಂಡ ರೇವಣಸಿದ್ದಯ್ಯನವರು ಯೋಚನೆ ಕೂಡ ಮಾಡದೆ ಶೂ ಕಳಚಿ ಕಲ್ಲಿನ ಮೆಟ್ಟಿಲ ಮೇಲಿಟ್ಟು ಬರಿಗಾಲಲ್ಲಿ ಒಳಗೆ ಹೋದರು. ದೇವರಿದ್ದ ಕಡೆ ಕಾಲಲ್ಲಿ ಚಪ್ಪಲಿ ಕಂಡರೆ ಅಪ್ಪ ಬೆನ್ನಿಗೆ ಬಾರಿಸುತ್ತಿದ್ದರು. ಯಾವ ದೇವರು ಎಂದು ವಿಚಾರಿಸುತ್ತಿರಲಿಲ್ಲ. ಮುಂದಿನ ಜನ ಬೂಟು ಟಪಟಪ ಎನ್ನಿಸುತ್ತಾ ಫೋಟೋ ತೆಗೆದುಕೊಂಡು ಆಚೆ ದಂಡೆಗೆ ದಾಟಿದರು. ಆಮೇಲೆ ಅಲ್ಲವೇ ಇವರಿಗೆ ಹೊಳೆದದ್ದು, ಇದು ಗುಡಿಯಲ್ಲ, ಹೊಕ್ಕ ಬಾಗಿಲಲ್ಲೇ ಹೊರಗೆ ಬರುವುದಿಲ್ಲ ಅಂತ! ಊಟದ ಹೋಟೆಲು ಆಚೆ ದಂಡೆಯಲ್ಲಿ, ಶೂ ಈಚೆ ದಂಡೆಯಲ್ಲಿ. "ನೀನ್ ನಡಿ, ತಗಂಬತ್ತೀನಿ" ಎಂದು ಹೆಂಡತಿಯನ್ನು ಕಳಿಸಿ ಹಿಂದಕ್ಕೆ ಬಂದರು.

ಅಷ್ಟರಲ್ಲಿ ಮಳೆ ಹಿಡಿಯಿತು. ಮಳೆಯೆಂದರೆ ಅಂಥಿಂಥ ಮಳೆಯಲ್ಲ, ಹೆಂಚಿನ ಮೇಲೆ ಧೋ ಎಂದು ಸುರಿಯಿತು. ಮೆಟ್ಟಿಲ ಮೇಲಿದ್ದ ಶೂಗಳಲ್ಲಿ ನೀರು ತುಂಬಿ ಹೊರಚೆಲ್ಲುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಜೊತೆ ಶೂ. ಇಡೀ ಗುಂಪಿನಲ್ಲಿ ತನ್ನಂಥ ಇನ್ನೊಬ್ಬ ಮುಠ್ಠಾಳ ಯಾರಪ್ಪಾ ಎಂದು ತಿರುಗಿ ನೋಡಿದರೆ, ಚನ್ನವೀರಯ್ಯ ಬರಿಗಾಲಲ್ಲಿ ನಿಂತಿದ್ದ. ಒಂದೇ ಕೈಯಿಂದ ಏಟು ತಿಂದು ಬೆಳೆದವರು.

ಗಾಳಿ ಜೋರಾಯಿತು. ಎರಚಲು ಬೀಳದ ಜಾಗವೆಂದರೆ ಗೂಡಿನ ಪಕ್ಕದ ಹಲಗೆಯೊಂದೇ. ಅಲ್ಲಿ ಒಬ್ಬಳು ಚೀನೀ ಅಜ್ಜಿ ಮುಂದೆ ಬುಟ್ಟಿ ಇಟ್ಟುಕೊಂಡು ನಮ್ಮ ಅವರೆಗಿಂತ ಸ್ವಲ್ಪ ದಪ್ಪನೆಯ ಕಾಯಿ ಸುಲಿಯುತ್ತಿದ್ದಳು. ಅಣ್ಣ ಅವಳ ಎಡಕ್ಕೆ ಕೂತರು, ತಮ್ಮ ಬಲಕ್ಕೆ. ಇಬ್ಬರ ಫೋನೂ ಹೆಂಡತಿಯರ ಬ್ಯಾಗಿನಲ್ಲಿ. ತುಮಕೂರು ಕಡೆಯವರ ಕೈ ಅವರೆಕಾಯಿ ಕಂಡರೆ ಸುಮ್ಮನಿರುತ್ತದೆಯೇ? ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಬುಟ್ಟಿಗೆ ಕೈ ಹಾಕಿ ಸುಲಿಯತೊಡಗಿದ್ದರು. ಅಜ್ಜಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ, ಇದೂ ಒಂದು ಇರಲಿ ಎನ್ನುವಂತೆ ಬುಟ್ಟಿಯನ್ನು ಇನ್ನಷ್ಟು ಮುಂದೆ ತಳ್ಳಿದಳು.

ಚನ್ನವೀರಯ್ಯ ಕೆಮ್ಮಿದ. ಮತ್ತೆ ಕೆಮ್ಮಿದ. ಚಿಕ್ಕಂದಿನಿಂದ ಅವನಿಗೆ ಉಬ್ಬಸ. ರೇವಣಸಿದ್ದಯ್ಯನವರಿಗೆ ತಡೆಯಲಾಗಲಿಲ್ಲ. ಆದರೆ ನೇರವಾಗಿ ಹೇಳುವುದು ಹೇಗೆ? ಮಾತು ಬಿಟ್ಟವರು ಮೂರನೆಯವರಿಗೆ ಹೇಳಬಹುದು, ಅದು ಲೆಕ್ಕಕ್ಕೆ ಬರುವುದಿಲ್ಲ. ಊರಿನಲ್ಲಾದರೆ ಅದಕ್ಕೆ ಹೆಂಡತಿ ಸಿಗುತ್ತಾಳೆ, ಇಲ್ಲದಿದ್ದರೆ ನಾಯಿ. ಇಲ್ಲಿ ಸಿಕ್ಕವಳು ಈ ಅಜ್ಜಿ.

"ನೋಡಮ್ಮಾ" ಎಂದರು ಅಜ್ಜಿಗೆ, ಅಚ್ಚ ಗುಬ್ಬಿ ಕನ್ನಡದಲ್ಲಿ. "ಕೆಲವ್ರಿಗೆ ಉಬ್ಬಸ ಐತೆ. ಆದ್ರೂ ಗಾಳಿಗ್ ಎದೆ ಕೊಟ್ಕಂಡ್ ಕೂತವ್ರೆ. ಸ್ವಲ್ಪ ಈ ಕಡೆ ಸರ್ಕಂಡ್ರೆ ಅವ್ರ ಗಂಟೇನೂ ಹೋಗಲ್ಲ."

ಅಜ್ಜಿ ತಲೆಯಾಡಿಸಿದಳು. ಚನ್ನವೀರಯ್ಯ ಸರಿದು ಕೂತ. ಕೂತು, ಅವನೂ ಅಜ್ಜಿಗೇ ಹೇಳಿದ: "ಅಜ್ಜೀ, ಒಂಬತ್ತು ವರ್ಷದಿಂದ ಇಲ್ಲದಿರೋ ಕಾಳಜಿ ಈಗ ಬೇಡ ಅಂತ ಹೇಳು."

"ಹೇಳಮ್ಮಾ, ಕಾಳಜಿ ಇಲ್ದಿದ್ರೆ ಆವತ್ತು ಪಾಯಸ ಉಳಿಸಾಕೆ ಓಡೋಗ್ತಿದ್ನಾ? ಇನ್ನೂರು ಜನ ಶರಣರು ಸೀದೋದ್ ಪಾಯಸ ಉಣ್ಬೇಕಾಗಿತ್ತು! ವಾಪಸ್ ಬರೋ ಗಂಟ ತಡ್ಕಳಾಕಾಗ್ಲಿಲ್ಲ. ಜಾಗ ಹೊಡ್ಕಂಡ್ ಕೂತ್ಬುಟ್ರು, ಸಿನಿಮಾ ಸೀಟ್‌ನಂಗೆ."

"ಅಜ್ಜೀ, ಸ್ವಾಮಿಗಳು ಎದ್ದು ನಿಂತಿದ್ರು! ನಾನ್ ಕೂರದೇ ಇದ್ದಿದ್ರೆ ಅಪ್ಪನ ಗಣಾರಾಧನೇಲಿ ಪಾದಪೂಜೇನೇ ಆಗ್ತಿರ್ಲಿಲ್ಲ. ಪಾಯಸ ದೊಡ್ಡದೋ ಅಪ್ಪ ದೊಡ್ಡೋರೋ, ನೀನೇ ಹೇಳು."

ಅಜ್ಜಿ ಅವಳ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದಳು. ಇಬ್ಬರೂ ಗಂಭೀರವಾಗಿ ಕೇಳಿಸಿಕೊಂಡರು. ತೀರ್ಪು ತಮ್ಮ ಪರವಾಗಿಯೇ ಬಂದಿದೆ ಎಂದು ಇಬ್ಬರ ಮುಖದಲ್ಲೂ ಕಾಣುತ್ತಿತ್ತು.

"ಹೋಗ್ಲಿ ಬುಡಮ್ಮಾ, ಹಳೇದು" ಎಂದರು ರೇವಣಸಿದ್ದಯ್ಯನವರು. ದನಿ ಯಾಕೋ ಸಣ್ಣದಾಗಿತ್ತು. "ಕೂಸಿನ್ ಮದುವೆಗಾದ್ರೂ ಬಾಯಿಬಿಟ್ಟು ಒಂದ್ ಮಾತು ಕರೀಬೋದಾಗಿತ್ತು. ನಾವೇನ್ ಅಷ್ಟು ಬ್ಯಾಡ್ದೋರಾದ್ವಾ?"

ಚನ್ನವೀರಯ್ಯನ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. "ಕರೆಯೋಕೆ ಹೋಗಿದ್ನಲ್ಲ ಅಜ್ಜೀ! ಎಲೆ ಅಡಿಕೆ ಹಿಡ್ಕೊಂಡು ಜಗಲಿ ಮೇಲೆ ನಿಂತಿದ್ದೆ. ಅಣ್ಣಾ ಅಂದೆ. ಬಿಸಿಲು ನೆತ್ತಿಗೆ ಬಂತು, ಎಲೆ ಬಾಡೋಯ್ತು, ಯಾರೂ ಬರ್ಲಿಲ್ಲ."

"ಪೂಜೆಗ್ ಕೂತಿದ್ರೆ ಎದ್ ಬರಾಕಾಯ್ತದಾ ಅಂತ ಕೇಳಮ್ಮಾ."

"ನಂಗೂ ಪೂಜೆ ಗೊತ್ತು ಅಜ್ಜೀ. ಅಪ್ಪ ಇಬ್ರಿಗೂ ಒಂದೇ ದಿನ ದೀಕ್ಷೆ ಕೊಡ್ಸಿದ್ದು. ಅದಕ್ಕೆ ಎಷ್ಟು ಹೊತ್ತು ಹಿಡಿಯತ್ತೆ ಅನ್ನೋದೂ ಗೊತ್ತು."

ರೇವಣಸಿದ್ದಯ್ಯನವರಿಗೆ ಅರ್ಥವಾಯಿತು. ಅವನಿಗೆ ಗೊತ್ತಿತ್ತು. ಬಾಗಿಲ ಆಚೆ ನಿಂತು, ಒಳಗಿನ ಒಂದೊಂದು ವಚನವೂ ಯಾಕೆ ಎರಡೆರಡು ಸಲ ಬರುತ್ತಿದೆ ಎಂದು ತಿಳಿದುಕೊಂಡೇ ಹೋಗಿದ್ದ. ಹೋಗಿ ಯಾರಿಗೂ, ಹೆಂಡತಿಗೂ ಹೇಳಿರಲಿಲ್ಲ. ಹೇಳಿದ್ದರೆ ಆವತ್ತು ಮಧ್ಯಾಹ್ನದ ಫೋನಿನಲ್ಲೇ ಸುದ್ದಿ ತಿಳಿದು ಕರಿಬಸಮ್ಮ ಗಂಡನ ಜನ್ಮ ಜಾಲಾಡುತ್ತಿದ್ದಳು. ಅಣ್ಣನ ಮಾನ ಉಳಿಸಿದ್ದಾನೆ, ಹಾಳಾದವನು! ಅವರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅಳು ಬಂತು. ತಲೆ ತಗ್ಗಿಸಿ ಕಾಯಿ ಸುಲಿಯುತ್ತಲೇ ಇದ್ದರು, ಕಾಳನ್ನು ಕೆಳಗೆ ಹಾಕಿ ಸಿಪ್ಪೆಯನ್ನು ಬುಟ್ಟಿಗೆ ತುಂಬುತ್ತಾ. ಅಜ್ಜಿ ಅವರ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟು ಸಿಪ್ಪೆ ಆರಿಸಿ ಬಿಸಾಡಿದಳು.

ಚನ್ನವೀರಯ್ಯ ಜೇಬಿನಿಂದ ಅಡಿಕೆಯ ಪೊಟ್ಟಣ ತೆಗೆದ. ಎದ್ದು ನಿಂತು, ಎರಡೂ ಕೈಯಲ್ಲಿ ಅದನ್ನು ಅಜ್ಜಿಯ ಮುಂದೆ ಹಿಡಿದ.

"ಅಜ್ಜೀ, ನೀನಾದ್ರೂ ಬಾ. ನನ್ ಮಗಳು ನಂದಿತಾ ಮದುವೆ. ಬರೋ ತಿಂಗಳು ಹದಿನೆಂಟು, ಸೋಮವಾರ. ಕ್ಯಾತ್ಸಂದ್ರದ ಛತ್ರ. ಹತ್ತು ಗಂಟೆ ಮೇಲೆ ಧಾರೆ. ಎರಡು ದಿನ ಮುಂಚೆನೇ ಬಂದು, ಮುಂದೆ ನಿಂತು ನಡೆಸ್ಕೊಡ್ಬೇಕು."

ಅಜ್ಜಿ ಎರಡೂ ಕೈಯಲ್ಲಿ ಅಡಿಕೆ ಇಸಕೊಂಡಳು. ಎಷ್ಟು ಸಲೀಸಾಗಿ ಇಸಕೊಂಡಳು! ರೇವಣಸಿದ್ದಯ್ಯನವರ ಹೊಟ್ಟೆ ಉರಿದುಹೋಯಿತು. ಹೆಸರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ, ಎರಡು ದಿನ ಮುಂಚೆ ಬರಬೇಕಂತೆ ಇವಳು. ತಾವು ಮಾತ್ರ ಇಲ್ಲಿ ಸಿಪ್ಪೆ ಹಿಡಿದುಕೊಂಡು ಕೂತಿರಬೇಕು.

"ಅಲ್ಲಮ್ಮಾ" ಎಂದರು ತಡವರಿಸುತ್ತಾ, "ನಿಂಗೆ ಅಷ್ಟ್ ದೂರ ಬರಾಕಾಗಲ್ಲ. ಪಾಸ್‌ಪೋರ್ಟು, ವೀಸಾ ಅಂತ ಪಡಿಪಾಟ್ಲು. ಬೇಕಾದ್ರೆ... ನಿನ್ನ ಪರವಾಗಿ ನಾನ್ ಹೋಗ್ಬತ್ತೀನಿ."

ಚನ್ನವೀರಯ್ಯ ಮತ್ತೆ ಹಲಗೆಯ ಮೇಲೆ ಕೂತ. ಮೂಗು ಒರೆಸಿಕೊಂಡ.

"ಅಜ್ಜೀ, ನಿನ್ ಕಡೆಯೋರು ಯಾರ್ ಬಂದ್ರೂ ಊಟ ಹಾಕಿ, ತಾಂಬೂಲ ಕೊಟ್ಟು ಕಳುಸ್ತೀನಿ. ಆದ್ರೆ ಧಾರೆ ಹೊತ್ನಲ್ಲಿ ಅವಳ ಪಕ್ಕ ನಿಲ್ಲೋಕೆ ನಿನ್ ಕಡೆಯೋರು ಆಗಲ್ಲ. ಅದಕ್ಕೆ ಅವಳ ದೊಡ್ಡಪ್ಪನೇ ಆಗ್ಬೇಕು."

ಮಳೆ ತಗ್ಗಿತು. ಅಜ್ಜಿ ಅಡಿಕೆಯನ್ನು ಜೇಬಿಗಿಳಿಸಿ, ಕಾಳನ್ನೆಲ್ಲ ಬಾಚಿ ಬುಟ್ಟಿಗೆ ಹಾಕಿಕೊಂಡು, ಮಂಡಿ ಹಿಡಿದು ಎದ್ದಳು. ಇಬ್ಬರಿಗೂ ತಲಾ ಒಂದು ಮಾತು ಹೇಳಿ, ಮೆಟ್ಟಿಲಿಳಿದು ಹೊರಟೇಹೋದಳು.

ಈಗ ಹಲಗೆಯ ಮೇಲೆ ಅಣ್ಣ ಆ ತುದಿ, ತಮ್ಮ ಈ ತುದಿ; ನಡುವೆ ಯಾರೂ ಇಲ್ಲ. ಆಚೆ ದಂಡೆಯಿಂದ ಲಕ್ಷ್ಮೀಕಾಂತ್ ಬಾವುಟ ಆಡಿಸುತ್ತಾ ಕೂಗುತ್ತಿದ್ದ. ಅವನು ಬಂದುಬಿಟ್ಟರೆ ಮತ್ತೆ ಬಸ್ಸಿನ ಮೊದಲ ಸೀಟು, ಕೊನೆಯ ಸೀಟು. ರೇವಣಸಿದ್ದಯ್ಯನವರು ಕಂಬ ನೋಡಿದರು, ಗೂಡಿನ ದೇವರನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

"ಯಾವತ್ಲಾ ಮದುವೆ?"

ಚನ್ನವೀರಯ್ಯ ಬೆಚ್ಚಿ ತಿರುಗಿದ. "ಈಗ ತಾನೆ ಹೇಳಿದ್ನಲ್ಲ ಅಣ್ಣಾ."

"ಅಜ್ಜಿಗ್ ಹೇಳ್ದೆ ಕಣೋ. ನಂಗ್ ಹೇಳು."