ಮರದ ಮೇಲಿನ ಕರಿ ನಾಲಿಗೆ

"ಏಯ್ ಮುದಿ ಮುಂಡೆ, ಕಿವಿ ಕೇಳಲ್ವಾ? ಕೊಡ್ಲಿ ತಗೋ ಅಂದೆ!"

ರೇಂಜರ್ ಸಾಹೇಬ ಎಸೆದ ಕೊಡಲಿ ಗಾಳಿಯಕ್ಕನ ಕಾಲಿಂದ ಗೇಣು ದೂರದಲ್ಲಿ ಬಿತ್ತು. ಅವಳು ಕೊಡಲಿಯನ್ನು ನೋಡಿದಳು, ಅವನ ಮುಖವನ್ನೂ ನೋಡಿದಳು, ಎತ್ತಿಕೊಳ್ಳಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಅವಳದು ಈ ರಾಷ್ಟ್ರೀಯ ಉದ್ಯಾನದಲ್ಲಿ ಬೆಂಕಿಗೆರೆಯ ಕೂಲಿ. ಮಳೆ ನಿಂತು ಆಳೆತ್ತರದ ಹುಲ್ಲು ಒಣಗುತ್ತಿದ್ದಂತೆ ಕಾಡಿನ ನಡುವೆ ಅಗಲವಾದ ಪಟ್ಟಿ ಸವರಿ, ಸವರಿದ್ದನ್ನು ಸುಟ್ಟು, ಮುಂದೆ ಬರುವ ಕಾಳ್ಗಿಚ್ಚಿಗೆ ತಿನ್ನಲು ಏನೂ ಸಿಗದಂತೆ ಮಾಡುವ ಕೆಲಸ. ಸುಡುವ ಮೊದಲು ಚಿಟಿಕೆ ಬೂದಿ ತೂರಿ ಗಾಳಿ ಎತ್ತ ಎಂದು ಹೇಳುವವಳು ಅವಳೇ. ಹೆಸರು ಬಂದದ್ದೂ ಹಾಗೆಯೇ. ಅಷ್ಟು ವರ್ಷದಲ್ಲಿ ಅವಳ ಕೈಗೆ ಕುಡುಗೋಲು ಕೊಟ್ಟಿದ್ದರು, ಸಲಿಕೆ ಕೊಟ್ಟಿದ್ದರು. ಕೊಡಲಿ ಇದೇ ಮೊದಲು. ಒಣ ಪುಳ್ಳೆ ಹೊತ್ತಳೆಂದು ಅವಳ ಸೊಸೆಯನ್ನು ಎರಡು ದಿನ ಕಚೇರಿಯಲ್ಲಿ ಕೂರಿಸಿದ್ದ ಮನುಷ್ಯ ಇವತ್ತು ತೊಗಟೆ ಮಾತ್ರ ಸುಟ್ಟ ಹಸಿ ಮರ ಕಡಿ ಅನ್ನುತ್ತಿದ್ದಾನೆ. ಮೇಲಾಗಿ ಬೆಳಿಗ್ಗೆ ಹನ್ನೊಂದು ಜನ ಕೂಲಿಗಳಿಗೂ ಗಾರ್ಡ್ ಕೈಯಲ್ಲಿ ಚಹಾ ಬೇರೆ ಕಳಿಸಿದ್ದ. ಆಗಲೇ ಅವಳಿಗೆ ಅನುಮಾನ ಹತ್ತಿತ್ತು.

"ಸುಟ್ಟ ಮರ, ಯಾರ ತಲೆ ಮೇಲಾದ್ರೂ ಬೀಳುತ್ತೆ," ಸಾಹೇಬ ದನಿ ಇಳಿಸಿದ. "ದೊಡ್ಡ ಸಾಹೇಬ್ರು ಮಧ್ಯಾಹ್ನ ಬರ್ತಾರೆ. ಅಷ್ಟರಲ್ಲಿ ಈ ಸಾಲು ಮಲಗಿರ್ಬೇಕು."

"ಹಾಗಾದ್ರೆ ನಮ್ಮ ಗುಡಿಸಲ ಹತ್ರ ಸುಟ್ಟಿರೋ ಮರಗಳು?" ಕೂಲಿಗಳಲ್ಲೇ ಹಿರಿಯ, ಎಲ್ಲರೂ ಹಲ್ಲಿಲ್ಲದ ಮಾವ ಅನ್ನುವ ಮುದುಕ ಕೇಳಿದ.

"ಅವು ಇರ್ಲಿ."

ಅವು ಇರಲಿ, ಕೆರೆ ದಂಡೆಯ ಅತಿಥಿಗೃಹದಿಂದ ಗುಡ್ಡಕ್ಕೆ ಏರುವ ನಲವತ್ತು ಮರ ಮಾತ್ರ ಹೋಗಲಿ! ಬೀಳುವ ಮರಕ್ಕೆ ಬಡವರ ತಲೆ, ದೊಡ್ಡವರ ತಲೆ ಎಂಬ ಭೇದ ಉಂಟೇ?

ಬೆಂಕಿ ಬಿದ್ದು ನಾಲ್ಕು ದಿನವಾಗಿತ್ತು. ಕರಕಲು ಹುಲ್ಲಿನ ಮೇಲೆ ಹದ್ದುಗಳು ಇನ್ನೂ ಸುತ್ತುತ್ತಿದ್ದವು. ಗುಡ್ಡದ ನೆತ್ತಿಯ ಮೇಲಿನ ಗುಡಿಸಲುಗಳ ಜೇನುಗಾರ ಹೊಗೆ ಹಾಕುವಾಗ ಕಿಡಿ ಹಾರಿ, ಬೆಂಕಿ ಕೆರೆಯತ್ತ ಇಳಿಯಿತು ಎಂದು ಸಾಹೇಬ ವರದಿಯಲ್ಲಿ ಬರೆದಿದ್ದ. ಜೇನುಗಾರ ಅವಳ ತಮ್ಮ. ಆವತ್ತಿನಿಂದ ಕಚೇರಿ ಹಿಂದಿನ ಶೆಡ್ಡಿನಲ್ಲಿದ್ದಾನೆ. ಗುಡಿಸಲುಗಳನ್ನು ಕಿತ್ತು ಕಾಡಿನಾಚೆ ಹಾಕಬೇಕೆಂದೂ ಅದೇ ಕಾಗದದಲ್ಲಿತ್ತು. ದೊಡ್ಡ ಸಾಹೇಬ ಬಂದು ನೋಡಿ ರುಜು ಹಾಕುವುದೊಂದು ಬಾಕಿ.

ನಿಜ ಹೇಳಬೇಕೆಂದರೆ ಗಾಳಿಯಕ್ಕನಿಗೆ ತಮ್ಮನ ಮೇಲೂ ಅನುಮಾನವಿತ್ತು. ಮೊನ್ನೆ ಶೆಡ್ಡಿನ ಕಿಂಡಿಯಲ್ಲಿ ಕೇಳಿಯೂ ಬಿಟ್ಟಿದ್ದಳು.

"ನಿಂದೇ ಏನೋ ಕಿಡಿ? ನನ್ನ ಹತ್ರ ಸುಳ್ಳು ಹೇಳ್ಬೇಡ."

"ಅವರು ಹೊಡೆದಿದ್ದು ಇಷ್ಟು ನೋವಾಗ್ಲಿಲ್ಲ, ಅಕ್ಕಾ," ಎಂದು ಅವನು ಬಾತ ಮುಖವನ್ನು ಗೋಡೆಗೆ ತಿರುಗಿಸಿಕೊಂಡಿದ್ದ.

ಈಗ ಅವಳು ಮೊದಲ ಮರದ ಹತ್ತಿರ ಹೋಗಿ ಒಂದು ಸುತ್ತು ಬಂದಳು. ಕೆರೆಯ ಕಡೆ ಮಸಿ ಮೊಣಕಾಲೆತ್ತರ. ಗುಡ್ಡದ ಕಡೆ ಆಳೆತ್ತರಕ್ಕೆ ಕರಿ ನಾಲಿಗೆ. ಎರಡನೆಯ ಮರವೂ ಹಾಗೆ, ಮೂರನೆಯದೂ ಹಾಗೆ. ಗಾಳಿಯ ಜೊತೆ ಓಡುವ ಬೆಂಕಿ ಮರವನ್ನು ದಾಟಿ, ಅದರ ಬೆನ್ನನ್ನು ಎತ್ತರಕ್ಕೆ ನೆಕ್ಕುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಮರವೇ ಹೇಳುತ್ತದೆ. ಬೆಂಕಿ ಕೆರೆಯ ಕಡೆಯಿಂದ ಗುಡ್ಡ ಹತ್ತಿತ್ತು. ಸಾಲಿನ ಬುಡದಲ್ಲೇ, ಅತಿಥಿಗೃಹದ ಅಂಗಳದಲ್ಲಿ, ಸಾಹೇಬನ ಅತಿಥಿಗಳು ಮಾಂಸ ಸುಡುವ ಗುಂಡಿಯಿತ್ತು. ತಮ್ಮನನ್ನು ಅನುಮಾನಿಸಿದ್ದಕ್ಕೆ ಅವಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು.

"ಏನೇ, ಗಾಣದೆತ್ತಿನ ಹಾಗೆ ಸುತ್ತುತಿದೀಯ?"

"ನಿಮ್ಮ ಅತಿಥಿಗಳು ಮಾಂಸ ಸುಟ್ಟ ಗುಂಡಿಯಿಂದ ಎದ್ದಿದೆ ಸಾಮಿ, ಬೆಂಕಿ. ಮರ ಕಡಿಸಿ ಅದರ ಬಾಯಿ ಮುಚ್ಚಿಸ್ತಿದೀರಿ."

"ನಿನ್ನ ಬಾಯಿ ಮುಚ್ಚು! ಕಡೀತೀಯೋ ಇಲ್ವೋ?"

"ಇಲ್ಲಿ ಮರ ಕಡಿದ್ರೆ ಜೈಲು ಅಂತ ನೀವೇ ಬೋರ್ಡ್ ಹಾಕ್ಸಿದೀರಿ. ನಮಗೆ ಓದೋಕೆ ಬರಲ್ಲ. ಗಾರ್ಡಣ್ಣನೇ ಓದಿ ಹೇಳಿದ್ದು." ಅವಳು ಬೂದಿಯ ಮೇಲೆ ಕೂತಳು. ಹಲ್ಲಿಲ್ಲದ ಮಾವ ಪಕ್ಕದಲ್ಲಿ ಕೂತ. ಉಳಿದವರೂ ಒಬ್ಬೊಬ್ಬರಾಗಿ ಕೂತರು. ಗಾರ್ಡ್ ಆಕಾಶ ನೋಡಿದ.

"ನಿನ್ನ ತಮ್ಮನ ಚರ್ಮ ಸುಲಿಸ್ತೀನಿ ಇವತ್ತು."

ಅವಳು ನೆಲಕ್ಕೆ ಕೈಯೂರಿದಳು. ಏಳಬೇಕೆನಿಸಿತು. ಮಾವ ಅವಳ ಸೆರಗಿನ ತುದಿಯನ್ನು ಮೊಣಕಾಲಿನಡಿ ಒತ್ತಿ ಹಿಡಿದಿದ್ದ.

ಸಾಹೇಬನೇ ಕೊಡಲಿ ಎತ್ತಿದ. ಒಂದು, ಎರಡು, ಮೂರು ಏಟು. ನಾಲ್ಕನೆಯದಕ್ಕೆ ಹಸಿ ಮರ ಕೊಡಲಿಯನ್ನು ಕಚ್ಚಿಕೊಂಡಿತು. ಎಳೆದ, ಬರಲಿಲ್ಲ. ಕಾಲು ಕೊಟ್ಟು ಎಳೆದ. ಕೆಳಗೆ, ಕೆರೆಯ ತಿರುವಿನಲ್ಲಿ ಜೀಪಿನ ಸದ್ದು ಕೇಳಿತು. ದೊಡ್ಡ ಸಾಹೇಬ ಬೇಗನೆ ಬಂದಿದ್ದ.

"ತೆಗೀರೋ, ಬೋಳಿಮಕ್ಳಾ, ಯಾರಾದ್ರೂ ತೆಗೀರೋ!"

ಹಿಡಿಯ ತುದಿಗೆ ಕೆಳಗಿನಿಂದ ಕಲ್ಲಲ್ಲಿ ಎರಡು ಸಲ ಕುಟ್ಟಿದರೆ ಸಾಕು, ಸಡಿಲವಾಗುತ್ತದೆ. ಅದು ಹನ್ನೊಂದು ಜನಕ್ಕೂ ಗೊತ್ತಿತ್ತು. ಯಾರೂ ಏಳಲಿಲ್ಲ. ಬರುವ ದೊಡ್ಡ ಸಾಹೇಬನೂ ಇವನ ಪೈಕಿಯೇ ಇರಬಹುದು, ನೋಡಿಯೂ ನೋಡದವನಂತೆ ರುಜು ಹಾಕಬಹುದು. ಗಾಳಿಯಕ್ಕನಿಗೆ ಅವನ ಮೇಲೂ ನಂಬಿಕೆ ಇರಲಿಲ್ಲ. ಅವಳು ಚಿಟಿಕೆ ಬೂದಿ ಎತ್ತಿ ತೂರಿದಳು. ಅದು ರೇಂಜರ್ ಸಾಹೇಬನ ಮುಖದ ಪಕ್ಕದಿಂದ ಹಾದು ಗುಡ್ಡ ಹತ್ತಿತು.

ಜೀಪಿನ ಬಾಗಿಲು ತೆರೆದಾಗ ರೇಂಜರನ ಎರಡೂ ಕೈ ಕೊಡಲಿಯ ಹಿಡಿಯ ಮೇಲಿದ್ದವು, ಮೊಣಕೈವರೆಗೂ ಮಸಿ.

"ಹಸಿ ಮರ, ಸಾಹೇಬ್ರೇ," ಹಲ್ಲಿಲ್ಲದ ಮಾವ ಕೂತಲ್ಲಿಂದಲೇ ಅಂದ. "ಅಷ್ಟು ಬೇಗ ಬಿಡಲ್ಲ."