ಲೆಕ್ಕಕ್ಕೆ ಒಬ್ಬಳು ಹೆಚ್ಚು

ನಿರುಪಮಾ ಬೇಸಿಗೆ ಶಿಬಿರದ ಕೆಲಸಕ್ಕೆ ಬರತೊಡಗಿ ಹನ್ನೊಂದು ವರ್ಷವಾಗಿತ್ತು. ವರ್ಷವಿಡೀ ನಾಸಿಕ್ ರೋಡಿನ ಶಾಲೆಯೊಂದರಲ್ಲಿ ಆಟದ ಟೀಚರು. ಪರೀಕ್ಷೆಗಳು ಮುಗಿದು ಶಾಲೆಗೆ ಬೀಗ ಬೀಳುತ್ತಲೂ ಬಟ್ಟೆ, ಸೀಟಿ, ಗಾಯದ ಮುಲಾಮು, ಬಾಚಣಿಗೆ ಎಲ್ಲವನ್ನೂ ಒಂದು ಟ್ರಂಕಿಗೆ ತುಂಬಿಕೊಂಡು ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ಪಕ್ಕದ ಶಿಬಿರಕ್ಕೆ ಬಂದುಬಿಡುತ್ತಿದ್ದಳು. ಅವಳ ತಂದೆ ವಿಶ್ವನಾಥಪ್ಪ ಧಾರವಾಡದ ಕಡೆಯಿಂದ ಓಝರದ ವಿಮಾನ ಕಾರ್ಖಾನೆಗೆ ಫಿಟ್ಟರಾಗಿ ಬಂದವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯೇ, ಕಾರ್ಖಾನೆಯ ಕಾಲೊನಿಯಲ್ಲಿ.

ಶಿಬಿರದಲ್ಲಿ ಅವಳದು ಹೆಣ್ಣುಮಕ್ಕಳ ಕೋಣೆಯ ಉಸ್ತುವಾರಿ. ಬೆಳಿಗ್ಗೆ ಎಬ್ಬಿಸುವುದು, ಜಡೆ ಹಾಕುವುದು, ಉಗುರು ನೋಡುವುದು, ಒಂದೇ ಕಾಲಿನ ಎರಡು ಚಪ್ಪಲಿ ಹಾಕಿಕೊಂಡವರ ಸರಿಯಾದ ಜೋಡಿಯನ್ನು ಹುಡುಕಿಕೊಡುವುದು. ಮೊದಲ ಎರಡು ದಿನ ಮಕ್ಕಳು ಮನೆ ನೆನೆದು ಅಳುತ್ತವೆ, ಮೂರನೆಯ ದಿನ ಮನೆಯನ್ನೇ ಮರೆಯುತ್ತವೆ, ಕೊನೆಯ ದಿನ ಹೋಗಲಾರೆವೆಂದು ಮತ್ತೆ ಅಳುತ್ತವೆ. ಹನ್ನೊಂದು ಬೇಸಿಗೆಯಲ್ಲಿ ಈ ಕ್ರಮ ಒಮ್ಮೆಯೂ ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ಮಕ್ಕಳು ಅವಳನ್ನು ನಿರುತಾಈ ಎನ್ನುತ್ತಿದ್ದರು. ಮರಾಠಿಯಲ್ಲಿ ಅಕ್ಕನಿಗೆ ತಾಈ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ತಾಯಿ ಎಂದೇ ಕೇಳುತ್ತದೆ. ಮೊದಲ ವರ್ಷ ಹಾಗೆ ಕೇಳಿ ಒಳಗೊಳಗೇ ನಾಚಿದ್ದಳು.

ಮೂರು ವರ್ಷದಿಂದ ಅವಳ ಮಗಳು ಶ್ರೀಜಾಳೂ ಶಿಬಿರಕ್ಕೆ ಬರುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ. ಶಿಬಿರದಲ್ಲಿ ಇರುವಷ್ಟು ದಿನ ಅವಳೂ ಉಳಿದವರಂತೆ ತಾಈ ಎಂದೇ ಕರೆಯಬೇಕೆಂದು ನಿರುಪಮಾ ನಿಯಮ ಮಾಡಿದ್ದಳು. ತನ್ನ ಮಗಳಿಗೆ ಒಂದು, ಊರ ಮಕ್ಕಳಿಗೆ ಒಂದು ಎಂದು ಯಾರೂ ಅನ್ನಬಾರದು. ಬೈಯುವಾಗ ಮಾತ್ರ ಕನ್ನಡದಲ್ಲಿ ಬೈಯುತ್ತಿದ್ದಳು. ಬೇರೆ ಮಕ್ಕಳಿಗೆ ತಿಳಿಯದಿರಲಿ, ಹುಡುಗಿಗೆ ಅವಮಾನವಾಗದಿರಲಿ ಎಂದು. ಶ್ರೀಜಾಳಿಗೆ ಎಲ್ಲ ತಿಳಿಯುತ್ತಿತ್ತು. ಉತ್ತರ ಮಾತ್ರ ಯಾವಾಗಲೂ ಮರಾಠಿಯಲ್ಲಿ.

ಈ ಸಲದ ಪ್ರವಾಸ ಎಲ್ಲೋರಕ್ಕೆ ಮತ್ತು ಅಲ್ಲಿಂದ ಛತ್ರಪತಿ ಸಂಭಾಜಿನಗರಕ್ಕೆ, ಎರಡು ದಿನದ್ದು. ಮೂವತ್ತೆರಡು ಮಕ್ಕಳು, ಎಲ್ಲರ ತಲೆಯ ಮೇಲೂ ಕಿತ್ತಳೆ ಬಣ್ಣದ ಟೊಪ್ಪಿಗೆ. ಜೊತೆಗೆ ನಿರುಪಮಾ, ಈಜು ಕಲಿಸುವ ಅಕ್ಷಯ, ಅಡುಗೆಯ ಪ್ರೇಮಾಬಾಯಿ. ಗುಹೆಗಳನ್ನು ತಲುಪುವ ಹೊತ್ತಿಗೆ ಬಂಡೆಗಳು ಕಾದ ಹಂಚಿನಂತಾಗಿದ್ದವು. ಅಂದು ಅಲ್ಲಿಗೆ ಸಂಭಾಜಿನಗರದ ಯಾವುದೋ ರಜಾ ತರಗತಿಯ ಮಕ್ಕಳೂ ಬಂದಿದ್ದರು, ಅವರ ಟೊಪ್ಪಿಗೆಗಳೂ ಕಿತ್ತಳೆಯೇ. ಎರಡು ಗುಂಪುಗಳು ಕೈಲಾಸ ಗುಹೆಯ ಅಂಗಳದಲ್ಲಿ ಒಂದರೊಳಗೊಂದು ಬೆರೆತವು. ಶ್ರೀಜಾ ಟೊಪ್ಪಿಗೆ ತೆಗೆದು ಬೀಸಣಿಗೆ ಮಾಡಿಕೊಂಡದ್ದನ್ನು ಕಂಡು ನಿರುಪಮಾ ಕನ್ನಡದಲ್ಲಿ ಗದರಿದಳು. ಟೊಪ್ಪಿಗೆ ಹಾಕಿಕೋ, ನೀರು ಕುಡಿ, ತಲೆ ಸುತ್ತಿ ಬಿದ್ದರೆ ಹೊತ್ತುಕೊಂಡು ಹೋಗುವವರು ಯಾರು ಎಂದಳು.

ಮಧ್ಯಾಹ್ನ ಒಂದಕ್ಕೆ ಹೊರಟರು. ಬಸ್ಸು ಬಿಸಿಲಲ್ಲಿ ನಿಂತು ಒಲೆಯಂತಾಗಿತ್ತು, ಇಬ್ಬರು ಮಕ್ಕಳು ತಲೆನೋವೆಂದು ಅಳುತ್ತಿದ್ದರು. ನಿರುಪಮಾ ಮುಂದಿನಿಂದ ಹಿಂದಿನವರೆಗೆ ತಲೆ ಎಣಿಸಿದಳು: ಮೂವತ್ತಮೂರು. ಯಾರನ್ನೋ ಎರಡು ಸಲ ಎಣಿಸಿರಬೇಕು ಎಂದುಕೊಂಡಳು. ಎಣಿಕೆ ತಪ್ಪಿದರೆ ಇನ್ನೊಬ್ಬರು ಮತ್ತೆ ಎಣಿಸಬೇಕೆಂಬ ನಿಯಮ ಅವಳೇ ಮಾಡಿದ್ದು. ಒಬ್ಬರು ಕಡಿಮೆ ಬಂದಿದ್ದರೆ ಆ ನಿಯಮ ತಾನಾಗಿ ನೆನಪಾಗುತ್ತಿತ್ತು. ಹೆಚ್ಚು ಬಂದಿದ್ದರಿಂದ ಎದೆ ಹಾರಲಿಲ್ಲ. ಹೊರಡಿ ಎಂದು ಡ್ರೈವರಿಗೆ ಕೈ ಬೀಸಿದಳು.

ದೌಲತಾಬಾದಿನ ಘಾಟಿನ ಹತ್ತಿರ ಪ್ರೇಮಾಬಾಯಿ ಶೇಂಗಾ ಚಿಕ್ಕಿ ಹಂಚಿದಳು. ಮೂವತ್ತೆರಡು ತುಂಡು ತಂದಿದ್ದಳು. ಹಿಂದಿನ ಸಾಲಿನ ಅಮರ ತನಗೆ ಬರಲೇ ಇಲ್ಲವೆಂದ. ನಿರುಪಮಾ ಎದ್ದು ಹಿಂದೆ ಹೋದಳು. ಕೊನೆಯ ಸೀಟಿನ ಮೂಲೆಯಲ್ಲಿ, ಶ್ರೀಜಾಳ ಪಕ್ಕ, ಹತ್ತು ವರ್ಷದ ಹುಡುಗಿಯೊಬ್ಬಳು ಚಿಕ್ಕಿಯನ್ನು ತಿನ್ನದೆ ಅಂಗೈಯಲ್ಲಿ ಹಿಡಿದು ಕೂತಿದ್ದಳು. ಕಿತ್ತಳೆ ಟೊಪ್ಪಿಗೆ. ಮುಖ ಗುರುತಿಲ್ಲ.

ಹೆಸರೇನು ಎಂದು ಮರಾಠಿಯಲ್ಲಿ ಕೇಳಿದರೆ ಹುಡುಗಿ ತಲೆ ತಗ್ಗಿಸಿದಳು. ನಿರುಪಮಾ ಮಗಳ ಕಡೆ ತಿರುಗಿ, “ಯಾರಿಕಿ? ಯಾಕ ಹತ್ತಿಸ್ಕೊಂಡಿ?” ಎಂದಳು. ಆ ಮಾತು ಕೇಳಿದ್ದೇ ಹುಡುಗಿ ಮುಖ ಎತ್ತಿದಳು. ತನ್ನ ಹೆಸರು ಹಂಸಾ ಎಂದು ಮರಾಠಿಯಲ್ಲಿ ಹೇಳಿ, ಇನ್ನೂ ಮೆತ್ತಗೆ, ಹೀಗೆಯೇ ಮಾತಾಡಿ ಎಂದಳು.

ಬಸ್ಸು ನಿಲ್ಲಿಸಿದರು. ಹಂಸಾಳ ಕೊರಳ ಚೀಟಿಯಲ್ಲಿದ್ದ ನಂಬರಿಗೆ ಅಕ್ಷಯ ಫೋನು ಮಾಡಿದ. ಅತ್ತ ಕಡೆಯ ಟೀಚರು ಅರ್ಧ ಗಂಟೆಯಿಂದ ಗುಹೆ ಗುಹೆ ಹುಡುಕುತ್ತಿದ್ದರು. ಫೋನಿನಲ್ಲಿ ಬೈಗುಳವೂ ಅಳುವೂ ಒಟ್ಟಿಗೆ ಬಂದವು. ಬಸ್ಸನ್ನು ತಿರುಗಿಸಿದರು. ಹಿಂದಕ್ಕೆ ಹೋಗುವ ದಾರಿಯಲ್ಲಿ ನಿರುಪಮಾ ಆ ಹುಡುಗಿಯ ಪಕ್ಕ ಕೂತು, ಗದರದೆ, ಸಂಗತಿ ಕೇಳಿದಳು.

ಹಂಸಾಳ ಅಜ್ಜಿ ಸುಗುಣಾಬಾಯಿ ಬಸವಕಲ್ಯಾಣದವಳು. ಐವತ್ತು ವರ್ಷದ ಹಿಂದೆ ಮದುವೆಯಾಗಿ ಸಂಭಾಜಿನಗರಕ್ಕೆ ಬಂದು, ಪೇಟೆಯಲ್ಲಿ ಮರಾಠಿ, ಹಿಂದಿ ಎರಡೂ ಸಲೀಸಾಗಿ ಆಡುತ್ತಿದ್ದಳು. ಕಳೆದ ದೀಪಾವಳಿಯಲ್ಲಿ ಲಕ್ವ ಹೊಡೆಯಿತು. ಕಾಲು ನಿಧಾನಕ್ಕೆ ಬಂತು, ಮಾತೂ ಬಂತು. ಆದರೆ ಬಂದದ್ದು ಕನ್ನಡ ಒಂದೇ. ಉಳಿದ ಎರಡೂ ಭಾಷೆ ಅವಳಿಗೀಗ ಆಡಲೂ ಬಾರದು, ಕೇಳಿದರೆ ತಿಳಿಯಲೂ ತಿಳಿಯದು. ಕನ್ನಡ ಬಲ್ಲ ಅಪ್ಪನಿಗೆ ಸೂರತ್ತಿನಲ್ಲಿ ಕೆಲಸ, ಮೂರು ತಿಂಗಳಿಗೊಮ್ಮೆ ಬರುತ್ತಾನೆ. ತಾಯಿಗೆ ಕನ್ನಡ ಗೊತ್ತಿಲ್ಲ. ಹಂಸಾಳಿಗೆ ಅಜ್ಜಿ ಹೇಳುವುದೆಲ್ಲ ತಿಳಿಯುತ್ತದೆ, ಅದನ್ನು ಅಮ್ಮನಿಗೆ ಹೇಳುತ್ತಾಳೆ. ಆದರೆ ಹುಟ್ಟಿದಾಗಿನಿಂದ ಅಜ್ಜಿಗೆ ಮರಾಠಿಯಲ್ಲೇ ಉತ್ತರ ಕೊಟ್ಟು ಅಭ್ಯಾಸ, ಈಗ ಬಾಯಿ ತೆರೆದರೆ ಕನ್ನಡ ಹೊರಡುವುದಿಲ್ಲ, ಮರಾಠಿಯಲ್ಲಿ ಹೇಳಿದರೆ ಅಜ್ಜಿಗೆ ತಿಳಿಯದೆಂದು ಸುಮ್ಮನಿದ್ದುಬಿಡುತ್ತಾಳೆ.

“ನನಗೆ ಕಿವಿ ಕೇಳಿಸೋದಿಲ್ಲ ಅಂತ ಆಜಿ ತಿಳಕೊಂಡಿದ್ದಾಳೆ,” ಎಂದು ಹುಡುಗಿ ಮರಾಠಿಯಲ್ಲಿ ಹೇಳಿದಳು. “ನನ್ನ ನೋಡಿ ಪಾಪ ಅಂತಾಳೆ.”

ಗುಹೆಯ ಅಂಗಳದಲ್ಲಿ ಟೊಪ್ಪಿಗೆ ಹಾಕಿಕೋ, ನೀರು ಕುಡಿ ಎಂದು ನಿರುಪಮಾ ಗದರಿದಾಗ ತಾನೂ ಟೊಪ್ಪಿಗೆ ಹಾಕಿಕೊಂಡು ನೀರು ಕುಡಿದೆ ಎಂದಳು. ಈ ತಾಈಯನ್ನು ಮನೆಗೆ ಕರೆಯಬೇಕೆನಿಸಿತು, ಕೇಳುವ ಧೈರ್ಯ ಬರಲಿಲ್ಲ. ನಿಮ್ಮ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಶ್ರೀಜಾಳನ್ನು ಕೇಳಿದಳು. ಸಂಭಾಜಿನಗರಕ್ಕೆ ಎಂದು ತಿಳಿದ ಮೇಲೆ, ಊರು ಬಂದಾಗ ಕೇಳಿದರಾಯಿತು ಎಂದು ಹತ್ತಿ ಕೂತಳು. ನಿರುಪಮಾ ಮಗಳನ್ನು ನೋಡಿದಳು. ಅವಳಿಗೆ ಆಜಿ ಇದ್ದಾಳಂತೆ, ಅದಕ್ಕೇ ಜಾಗ ಕೊಟ್ಟೆ ಎಂದಳು ಶ್ರೀಜಾ, ಅದರಲ್ಲಿ ಇನ್ನೇನು ಕೇಳುವುದಿದೆ ಎಂಬಂತೆ.

ಗುಹೆಗಳ ಗೇಟಿನಲ್ಲಿ ಆ ಟೀಚರು ಎಲ್ಲರೆದುರು ನಿರುಪಮಾಳನ್ನು ತರಾಟೆಗೆ ತೆಗೆದುಕೊಂಡರು. ಇಷ್ಟು ವರ್ಷದ ಅನುಭವ ಏನಾಯಿತು, ಮಕ್ಕಳನ್ನು ಎಣಿಸಲು ಬರುವುದಿಲ್ಲವೇ ಎಂದರು. ನಿಮ್ಮ ಎಣಿಕೆ ಏನಾಗಿತ್ತು ಎಂದು ಕೇಳಬಹುದಿತ್ತು, ಅಕ್ಷಯ ಕೇಳಲು ಬಾಯಿಯನ್ನೂ ತೆರೆದಿದ್ದ. ನಿರುಪಮಾ ಅವನನ್ನು ತಡೆದು, ತಪ್ಪಾಯಿತು ಎಂದಳು. ಅವಳಿಗೆ ನಿಜವಾಗಿಯೂ ಹಾಗೆಯೇ ಅನಿಸಿತ್ತು. ಆಮೇಲೆ ಹಂಸಾಳ ತಾಯಿಯೊಡನೆ ಫೋನಿನಲ್ಲಿ ಮಾತಾಡಿ ಹುಡುಗಿ ಹೇಳಿದ್ದನ್ನೆಲ್ಲ ತಿಳಿಸಿದಳು. ಬೈಗುಳಕ್ಕೆ ಸಿದ್ಧವಾಗಿಯೇ ಇದ್ದಳು. ಆ ಹೆಂಗಸು ಬೈಯಲಿಲ್ಲ, ಸಂಜೆ ಅರ್ಧ ಗಂಟೆ ಬಂದು ಹೋಗಲಾದೀತೇ ಎಂದು ಕೇಳಿದಳು.

ಶಿಬಿರದ ಮುಖ್ಯಸ್ಥರಾದ ಚಿದಂಬರ ಸರ್‌ಗೆ ನಿರುಪಮಾ ತಾನೇ ಫೋನು ಮಾಡಿ ಏನನ್ನೂ ಮುಚ್ಚಿಡದೆ ಹೇಳಿದಳು. ಅವರು ವಿಜಯಪುರದವರು, ಏರಿದ ದನಿಯಲ್ಲಿ ಮಾತಾಡಿದವರಲ್ಲ. ಎಲ್ಲ ಕೇಳಿಕೊಂಡು, “ಬಂದ ಮ್ಯಾಲ ಬರದು ಕೊಡ್ರಿ. ಈಗ ಆ ಮುದುಕಿ ಕಡೆ ಹೋಗಿ ಬರ್‍ರಿ, ಮಕ್ಕಳ ಹತ್ರ ಪ್ರೇಮಾಬಾಯಿ ಇರ್ತಾರ,” ಎಂದರು.

ಸಂಭಾಜಿನಗರದ ಸಿಡ್ಕೊ ಬಡಾವಣೆಯಲ್ಲಿ ನೆಲಮಟ್ಟದ ಎರಡು ಕೋಣೆಯ ಮನೆ. ನಿರುಪಮಾ ಶ್ರೀಜಾಳನ್ನೂ ಕರೆದುಕೊಂಡು ಹೋದಳು. ಸುಗುಣಾಬಾಯಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

“ಆಯೀ, ಆರಾಮ ಅದೀರೇನ್ರಿ?”

ಮುದುಕಿ ಬಹಳ ಹೊತ್ತು ನೋಡಿದಳು. “ನೀ ಯಾರ ಪೈಕಿ?” ಎಂದಳು ಕೊನೆಗೆ.

ಅಳುತ್ತಾಳೆಂದು ನಿರುಪಮಾ ಅಂಜಿದ್ದಳು. ಸುಗುಣಾಬಾಯಿ ಅಳಲಿಲ್ಲ, ದೂರು ಶುರುಮಾಡಿದಳು. ಕಿಟಕಿಯ ಪರದೆ ಸದಾ ಎಳೆದಿರುತ್ತಾರೆ, ಓಣಿ ಕಾಣುವುದಿಲ್ಲ. ಚಹಾ ಬರಿ ಹಾಲು. ಸೊಸೆ ಒಳ್ಳೆಯವಳು, ಆದರೆ ಕಾಲು ತಿಕ್ಕುವಾಗ ಎಣ್ಣೆ ಬಿಸಿ ಮಾಡುವುದಿಲ್ಲ. ಮಗ ಫೋನಿನಲ್ಲಿ ಎರಡು ಮಾತಾಡಿ ಇಟ್ಟುಬಿಡುತ್ತಾನೆ. ಆರು ತಿಂಗಳಿಂದ ಕೂಡಿಟ್ಟದ್ದು ಒಂದಾದ ಮೇಲೊಂದು ಬಂತು. ನಿರುಪಮಾ ಹೂಂಗುಟ್ಟುತ್ತ ಕೂತಳು, ನಡುನಡುವೆ ಸೊಸೆಗೆ ಮರಾಠಿಯಲ್ಲಿ ಹೇಳಿದಳು. ಸೊಸೆ ಎದ್ದು ಮೊದಲು ಪರದೆ ಸರಿಸಿದಳು. ಧೂಳು ಬರುತ್ತದೆಂದು ತಾನು ಹಾಕಿಡುತ್ತಿದ್ದೆ, ಹಂಸಾ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದಳು.

“ಈ ಕೂಸು ಭಾಳ ಚಲೋದದ,” ಎಂದಳು ಸುಗುಣಾಬಾಯಿ, ಬಾಗಿಲ ಬಳಿ ನಿಂತ ಮೊಮ್ಮಗಳತ್ತ ನೋಡಿ. “ಕಿವಿ ಹೋಗ್ಯಾವ ಪಾಪ.”

“ಕಿವಿ ನೆಟ್ಟಗದಾವ ಆಯೀ. ನಿಮ್ಮ ಒಂದೊಂದ ಮಾತೂ ಆಕಿಗೆ ತಿಳಿತದ. ಹೇಳಾಕ ಬರವಲ್ದು, ಅಷ್ಟ.”

ಮುದುಕಿ ನಂಬಲಿಲ್ಲ. ನಿರುಪಮಾ ಹಂಸಾಳನ್ನು ಹತ್ತಿರ ಕರೆದು, “ಕೇಳಸ್ತದ ಆಜಿ” ಎನ್ನಲು ಹೇಳಿಕೊಟ್ಟಳು. ಹುಡುಗಿಯ ತುಟಿ ಅಲುಗಿತು, ದನಿ ಬರಲಿಲ್ಲ. ಎರಡನೆಯ ಸಲ ಅರ್ಧಕ್ಕೇ ನಿಂತಿತು. ಆಗ ಶ್ರೀಜಾ ಮುಂದೆ ಬಂದು ಹಂಸಾಳ ಕೈ ಹಿಡಿದು, “ನನ್ನ ಸಂಗಾಟ ಅನ್ನು. ಕೇಳಸ್ತದ ಆಜಿ. ನಾ ಇಲ್ಲೇ ಅದೀನಿ,” ಎಂದಳು. ಥೇಟು ಅವಳ ಅಜ್ಜನ, ವಿಶ್ವನಾಥಪ್ಪನವರ, ಧಾರವಾಡದ ರಾಗ. ಮಗಳ ಬಾಯಲ್ಲಿ ಇಷ್ಟು ಉದ್ದದ ಕನ್ನಡವನ್ನು ನಿರುಪಮಾ ಅದೇ ಮೊದಲು ಕೇಳಿದ್ದು. ಏನಾದರೂ ಅಂದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಪರದೆಯ ಕಡೆ ನೋಡುತ್ತ ಕೂತಳು.

ಹಂಸಾ ಅಂದಳು. ಮಾತು ಸೊಟ್ಟಗಿತ್ತು, ‘ಅದೀನಿ’ ಹೋಗಿ ‘ಆದಿನಿ’ ಆಗಿತ್ತು. ಸುಗುಣಾಬಾಯಿ ಅವಳನ್ನು ದಿಟ್ಟಿಸಿದಳು, ನಕ್ಕಳು, ನಗುತ್ತ ಆಡುವ ಕೈಯಿಂದ ಮೊಮ್ಮಗಳ ಕಿವಿ ಹಿಡಿದು ಮೆಲ್ಲಗೆ ಹಿಂಡಿದಳು. “ಇಷ್ಟ ದಿನಾ ಎಲ್ಲಿ ಸತ್ತಿದ್ದಿ?” ಎಂದು ಬೈದಳು. ಹಂಸಾ ಬೈಸಿಕೊಂಡು ಅಲ್ಲಿಯೇ, ಮಂಚಕ್ಕೆ ಅಂಟಿ ನಿಂತಿದ್ದಳು.

ನಾಸಿಕಿಗೆ ಮರಳಿದ ಮೇಲೆ ನಿರುಪಮಾ ವರದಿ ಬರೆದಳು. ಎಣಿಸಿದವಳು ನಾನು, ಸಂಶಯ ಬಂದರೂ ಮತ್ತೆ ಎಣಿಸಲಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದು ಸಹಿ ಮಾಡಿದಳು. ಚಿದಂಬರ ಸರ್ ಅದನ್ನು ಓದಿ ಫೈಲಿಗೆ ಸೇರಿಸಿದರು. ಮುಂದಿನ ಪ್ರವಾಸಗಳಲ್ಲಿ ಎಣಿಕೆ ಅಕ್ಷಯನದು ಎಂದರು. ಅವಳಿಗೆ ನೋವಾಯಿತು. ಅವರ ಜಾಗದಲ್ಲಿದ್ದರೆ ತಾನೂ ಅದನ್ನೇ ಮಾಡುತ್ತಿದ್ದೆ ಎಂದೂ ಗೊತ್ತಿತ್ತು. ಎರಡು ದಿನ ಊಟ ರುಚಿಸಲಿಲ್ಲ, ಮೂರನೆಯ ದಿನ ಹುಡುಗಿಯೊಬ್ಬಳಿಗೆ ಜ್ವರ ಬಂದು ಅವಳ ಆರೈಕೆಯಲ್ಲಿ ಎಲ್ಲ ಮರೆತುಹೋಯಿತು.

ಶಿಬಿರ ಮುಗಿಯಲು ನಾಲ್ಕು ದಿನವಿದ್ದಾಗ, ಸಂಜೆ ಮಕ್ಕಳು ಹಿನ್ನೀರಿನ ದಂಡೆಯಲ್ಲಿ ಆಡುತ್ತಿದ್ದಾಗ ಹಂಸಾಳ ಫೋನು ಬಂತು. ಆಜಿ ಬೆಳಗಿನಿಂದ ಬ್ಯಾಸರ, ಬ್ಯಾಸರ ಅನ್ನುತ್ತಿದ್ದಾಳೆ, ಅದಕ್ಕೆ ಏನು ಹೇಳಬೇಕು ಎಂದು ಕೇಳಿದಳು. ಮನೆಯ ಮುಂದೆ ಕಟ್ಟೆ ಇದೆಯೇ ಎಂದು ನಿರುಪಮಾ ಕೇಳಿದಳು. ಇದೆ ಎಂದಳು ಹುಡುಗಿ.

“ಹಂಗಾರ, ‘ಬಾ ಆಜಿ, ಕಟ್ಟಿ ಮ್ಯಾಲ ಕೂಡೂಣು’ ಅನ್ನು.”

ಹಂಸಾ ಫೋನಿನಲ್ಲೇ ಮೂರು ಸಲ ಅಂದು ನೋಡಿದಳು. ಮೂರನೆಯದು ಸರಿಯಾಯಿತು. ಆಮೇಲೆ ಫೋನು ಬಂದ್ ಮಾಡುವುದನ್ನು ಮರೆತು ಅದನ್ನು ಎಲ್ಲಿಯೋ ಇಟ್ಟು ಹೋದಳು. ಆ ಮಾತು ಇನ್ನೊಮ್ಮೆ ದೂರದಿಂದ ಕೇಳಿಸಿತು. ಮುದುಕಿ ಏನೋ ಗೊಣಗಿದಳು. ಮಂಚ ಕಿರುಗುಟ್ಟಿತು, ಕೋಲು ನೆಲಕ್ಕೆ ತಾಗಿತು, ಎಳೆಯುತ್ತ ಬರುವ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಬಾಗಿಲ ಚಿಲಕ ತೆಗೆದ ಸದ್ದು ಬರುವವರೆಗೂ ಕೇಳುತ್ತ ನಿಂತಿದ್ದು, ನಿರುಪಮಾ ಫೋನು ಇಟ್ಟಳು.