ಐದನೆಯ ಗೆರೆ

ಅತ್ತೆ ಸೊಸೆಗೆ ಇಟ್ಟ ಅಡ್ಡಹೆಸರು ‘ಪುರಾಣ’. ಸುಮ್ಮನೆ ಇಟ್ಟದ್ದಲ್ಲ. ಗುಜರಿಯವನ ಅಂಗಡಿಯಿಂದ ಒಂದು ಸೊಟ್ಟ ಹೂದಾನಿ ಮನೆಗೆ ಬಂದರೆ ಸಾಕು, ಸಂಜೆಯೊಳಗೆ ಅದಕ್ಕೊಬ್ಬ ಮುತ್ತಜ್ಜಿ ಹುಟ್ಟಿಕೊಳ್ಳುತ್ತಿದ್ದಳು. ಆ ಮುತ್ತಜ್ಜಿ ಮದುವೆಯಾಗಿ ಬರುವಾಗ ಅದನ್ನು ತಂದಿರುತ್ತಿದ್ದಳು, ಇಲ್ಲವೇ ಬೆಂಕಿ ಬಿದ್ದ ಮನೆಯಿಂದ ಎದೆಗವಚಿಕೊಂಡು ಓಡಿಬಂದಿರುತ್ತಿದ್ದಳು. ಸೊಸೆ ಹೂದಾನಿಯನ್ನು ತಿಕ್ಕಿ ತೊಳೆದು, ಕಿಟಕಿಯ ಬೆಳಕಿಗಿಟ್ಟು ಫೋಟೊ ತೆಗೆದು, ಕೆಳಗೆ ನಾಲ್ಕು ಸಾಲಿನ ಕಥೆ ಬರೆದು ತನ್ನ ಆನ್‌ಲೈನ್ ಅಂಗಡಿಗೆ ಏರಿಸುತ್ತಿದ್ದಳು. ಬರೀ ಹೂದಾನಿ ಯಾರಿಗೂ ಬೇಡ, ಮುತ್ತಜ್ಜಿ ಇರುವ ಹೂದಾನಿ ಎಲ್ಲರಿಗೂ ಬೇಕು. ಇದರಲ್ಲಿ ತಪ್ಪೇನಿದೆ ಎಂದು ಅವಳು ಒಂದು ದಿನವೂ ತಲೆ ಕೆಡಿಸಿಕೊಂಡವಳಲ್ಲ.

“ನಾನು ಸತ್ತ ಮೇಲೆ ನನಗೂ ಒಂದು ಕಥೆ ಕಟ್ತೀಯ ಬಿಡು,” ಎನ್ನುತ್ತಿದ್ದರು ಅತ್ತೆ, ಪಿಂಗಾಣಿ ಗೊಂಬೆಗಳಿಗೆ ಹಳೆ ಪೇಪರು ಸುತ್ತುತ್ತ.

ಆ ವಾರ ಬಂದದ್ದು ಒಂದು ನಿಲುವುಗನ್ನಡಿ. ಕೆಂಪು ಮರದ ಚೌಕಟ್ಟು, ನೆತ್ತಿಯಲ್ಲಿ ಕೆತ್ತಿದ ಎರಡು ಹಕ್ಕಿ, ಮೂಲೆಯಲ್ಲಿ ಕಪ್ಪು ಹಿಡಿದ ಗಾಜು. ರೂಢಿಯಂತೆ ಮೊದಲು ಎಲ್ಲ ಕಡೆಯಿಂದಲೂ ಫೋಟೊ ತೆಗೆದಿಟ್ಟುಕೊಂಡು, ಆಮೇಲೆ ಹಿಂದಿನ ಕೋಣೆಯಲ್ಲಿ ಕೂತು ಉಪ್ಪುಕಾಗದದಿಂದ ಚೌಕಟ್ಟನ್ನೆಲ್ಲ ಉಜ್ಜಿದಳು. ಎಡಗಡೆಯ ಅಂಚಿನಲ್ಲಿ ಯಾರದೋ ಪೆನ್ಸಿಲಿನ ಗೀಚು ಇತ್ತು. ಅದನ್ನೂ ಉಜ್ಜಿದಳು. ಉದುರಿದ ಪುಡಿಯನ್ನು ಗುಡಿಸಿ ಬಾಟಲಿಗೆ ತುಂಬಿದಳು. ಮರದ ಸಾಮಾನಿನ ಬಿರುಕು ಮುಚ್ಚುವಾಗ ಗೋಂದಿನ ಜೊತೆ ಕಲಸಲು ಅಂಥ ಪುಡಿ ಬೇಕಾಗುತ್ತದೆ. ಎರಡು ಸಲ ಪಾಲಿಶ್ ಹಚ್ಚಿದ ಮೇಲೆ ಕನ್ನಡಿ ಲಕಲಕ ಹೊಳೆಯಿತು.

ಅಂಗಡಿಗೆ ಏರಿಸಿದ ಮರುದಿನವೇ ಸಂದೇಶ ಬಂತು.

“ಈ ಕನ್ನಡಿ ನಮ್ಮದು. ನಾನಿಲ್ಲದಾಗ ನಮ್ಮ ಮನೆಯವರು ಗುಜರಿಗೆ ಹಾಕಿಬಿಟ್ರು. ಅವರಿಗೆ ಅದನ್ನ ನೋಡೋಕೆ ಆಗ್ತಿರಲಿಲ್ಲ. ಎಡಗಡೆ ಅಂಚಲ್ಲಿ ಪೆನ್ಸಿಲ್ ಗೆರೆ ಇವೆಯಾ? ನನ್ನ ಮಗಳ ಎತ್ತರ ಅಳೆದು ಅಲ್ಲಿ ಗುರುತು ಹಾಕ್ತಿದ್ದೆ. ಈಗ ಅವಳಿಲ್ಲ. ಅಷ್ಟೇ ಉಳಿದಿರೋದು. ಬೇರೆಯವರಿಗೆ ಕೊಡಬೇಡಿ, ಭಾನುವಾರ ಬರ್ತೀನಿ.”

ಪುರಾಣ ಎದ್ದು ಹೋಗಿ ಕನ್ನಡಿಯ ಎಡ ಅಂಚನ್ನು ನೋಡಿದಳು. ‘ಉಜ್ಜಿಬಿಟ್ಟೆ’ ಎಂದು ಬರೆಯಲು ಹೊರಟವಳು ‘ಅಷ್ಟೇ ಉಳಿದಿರೋದು’ ಎಂಬ ಮಾತನ್ನು ಇನ್ನೊಮ್ಮೆ ಓದಿದಳು. ಕರುಣೆ ಬಂದದ್ದು ನಿಜ. ಅಂಗಡಿಯ ಹೆಸರು ಕೆಡುತ್ತದೆಂಬ ಅಂಜಿಕೆಯೂ ಅಷ್ಟೇ ನಿಜ. ‘ಇವೆ, ಬನ್ನಿ’ ಎಂದು ಬರೆದು ಕಳಿಸಿದಳು.

“ಹೇಳಿಬಿಡೇ. ಒಂದಿಷ್ಟು ಬೈಸಿಕೊಂಡ್ರೆ ಮುಗೀತು,” ಎಂದರು ಅತ್ತೆ.

“ಬೈದ್ರೆ ಪರವಾಗಿಲ್ಲ ಅತ್ತೆ. ಅತ್ತರೆ?”

ಅತ್ತೆ ಇನ್ನೊಂದು ಗೊಂಬೆ ತೆಗೆದುಕೊಂಡು ಪೇಪರು ಸುತ್ತತೊಡಗಿದರು.

ಪುರಾಣ ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಆ ಅಂಚಿನ ಪಾಲಿಶ್ ಕೆರೆದು ತೆಗೆದಳು. ಚಹಾದ ಕಷಾಯ ಬಳಿದು ಮರದ ಬಣ್ಣ ಮಂಕು ಮಾಡಿದಳು. ಫೋನಿನಲ್ಲಿದ್ದ ಹಳೆಯ ಫೋಟೊವನ್ನು ಹಿಗ್ಗಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ಗೆರೆಗಳನ್ನು ಒಂದೊಂದಾಗಿ ಎಳೆದಳು, ಅಕ್ಷರಗಳನ್ನು ಹಾಗೆಯೇ ತಿದ್ದಿದಳು. ‘ಒಂದು ವರ್ಷ. ಹಿಡ್ಕೊಂಡು ನಿಂತಳು.’ ‘ಎರಡು ವರ್ಷ. ಬರೀ ಅಳು.’ ‘ಮೂರು ವರ್ಷ. ತುದಿಗಾಲಲ್ಲಿ ಮೋಸ.’ ‘ನಾಲ್ಕು ವರ್ಷ. ಹೊಸ ಬೂಟು ಬಿಚ್ಚಲ್ವಂತೆ.’ ಬರೆಯುತ್ತ ಬರೆಯುತ್ತ ಅವಳಿಗೆ ಆ ಮಗು ಬಹಳ ದಿನದಿಂದ ಗೊತ್ತಿದ್ದಂತೆ ಅನಿಸಿತು.

ನಾಲ್ಕನೆಯದಕ್ಕಿಂತ ಮೂರು ಬೆರಳು ಮೇಲೆ ಇನ್ನೊಂದು ಗೆರೆ ಇತ್ತು, ಸೊಟ್ಟಗೆ. ಫ್ಲ್ಯಾಶಿನ ಬೆಳಕು ಅಲ್ಲೇ ಬಿದ್ದದ್ದರಿಂದ ಪಕ್ಕದಲ್ಲಿ ಅಕ್ಷರ ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಖಾಲಿ ಬಿಡಬಹುದಾಗಿತ್ತು. ಆದರೆ ಖಾಲಿ ಬಿಟ್ಟು ಗೊತ್ತಿರುವ ಕೈಯಲ್ಲ ಅದು. ನಾಲ್ಕಾದ ಮೇಲೆ ಐದಲ್ಲದೆ ಇನ್ನೇನು ಬರುತ್ತದೆ? ಸ್ಕೇಲು ಇಟ್ಟು ಗೆರೆಯನ್ನು ನೆಟ್ಟಗೆ ಎಳೆದು, ಪಕ್ಕದಲ್ಲಿ ಆ ತಾಯಿಯ ಅಕ್ಷರದಲ್ಲೇ ಬರೆದಳು: ‘ಐದು ವರ್ಷ. ಜಾಣೆ.’

ಭಾನುವಾರ ತಾಯಿ ಬಂದಳು. ಸಣಕಲು ಹೆಂಗಸು, ಕನ್ನಡಿಗೆ ಸುತ್ತಲೆಂದು ಕಂಕುಳಲ್ಲಿ ದಪ್ಪನೆಯ ಹೊದಿಕೆ. ಕೊಟ್ಟ ನೀರನ್ನು ಮುಟ್ಟಲಿಲ್ಲ. ನೇರ ಹೋಗಿ ಕನ್ನಡಿಯ ಪಕ್ಕದಲ್ಲಿ ಮಂಡಿಯೂರಿ, ಕೆಳಗಿನ ಗೆರೆಯಿಂದ ಬೆರಳಾಡಿಸುತ್ತ ಬಂದಳು. ಎರಡರ ಹತ್ತಿರ ಮೂಗು ಏರಿಸಿದಳು. ಮೂರರ ಹತ್ತಿರ, “ಕಳ್ಳಿ,” ಎಂದು ನಕ್ಕಳು. ಬಾಗಿಲ ಬಳಿ ನಿಂತಿದ್ದ ಪುರಾಣಕ್ಕೆ ಹೋದ ಜೀವ ಬಂದಂತಾಯಿತು.

ಐದರ ಮೇಲೆ ಬೆರಳು ನಿಂತಿತು.

“ಇದನ್ನ ಯಾರು ಬರೆದ್ರು?”

ಪುರಾಣ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

“ಅವಳಿಗೆ ಐದು ಆಗಲೇ ಇಲ್ಲ,” ಎಂದಳು ತಾಯಿ. ದನಿ ಏರಲಿಲ್ಲ. “ನಾಲ್ಕು ತುಂಬಿ ಎರಡು ತಿಂಗಳಿಗೆ ಜ್ವರ ಬಂತು. ಈ ಗೆರೆ ಅವಳೇ ಎಳೆದಿದ್ದು. ಮುಂದಿನ ವರ್ಷ ಇಲ್ಲೀವರೆಗೆ ಬರ್ತೀನಿ ಅಂತ ನನ್ನ ಕೈಯಿಂದ ಪೆನ್ಸಿಲ್ ಕಿತ್ಕೊಂಡು ಎಳೆದಿದ್ಲು. ಸೊಟ್ಟಗಿತ್ತು. ಬಂದ ಮೇಲೆ ಬರೀತೀನಿ ಅಂತ ಪಕ್ಕದಲ್ಲಿ ಜಾಗ ಬಿಟ್ಟಿದ್ದೆ.”

ಒಳಗೆ ಅತ್ತೆಯ ಪೇಪರಿನ ಸದ್ದು ನಿಂತಿತು.

“ಉಳಿದ ನಾಲ್ಕು ನಾನು ಬರೆದದ್ದೇ ಅಲ್ವಾ?” ತಾಯಿ ತಿರುಗಿ ಅವಳನ್ನೇ ನೋಡಿದಳು.

ಹೌದು ಎಂದರೆ ಮುಗಿಯುತ್ತಿತ್ತು. ತಾಯಿ ಆ ನಾಲ್ಕನ್ನು ನಂಬಿಕೊಂಡು ಕನ್ನಡಿ ಹೊತ್ತು ಹೋಗುತ್ತಿದ್ದಳು. ನೂರಾರು ಮುತ್ತಜ್ಜಿಯರನ್ನು ಹುಟ್ಟಿಸಿದವಳಿಗೆ ಒಂದು ಹೌದು ದೊಡ್ಡದಲ್ಲ. ಆದರೆ ‘ಜಾಣೆ’ ಎಂಬ ಆ ಅಕ್ಷರ ಕಣ್ಣಿಗೆ ಬಿದ್ದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಅಲ್ಲ. ನಿಮ್ಮ ಮೆಸೇಜ್ ಬರೋದಕ್ಕೆ ಮೊದಲೇ ಉಜ್ಜಿಬಿಟ್ಟಿದ್ದೆ. ಫೋಟೊ ನೋಡ್ಕೊಂಡು ನಾನೇ ಬರೆದೆ.”

ತಾಯಿ ಬೆರಳನ್ನು ಹಿಂದಕ್ಕೆಳೆದುಕೊಂಡು ಹೊದಿಕೆಗೆ ಒರೆಸಿದಳು.

“ಹಾಗಾದ್ರೆ ಐದೂ ನಿಮ್ಮವೇ,” ಎಂದಳು. “ಇಟ್ಕೊಳ್ಳಿ.”

“ಆ ಫೋಟೊ ಆದ್ರೂ ಕಳಿಸ್ತೀನಿ…”

“ಫೋಟೊ ಮನೇಲಿ ಬೇಕಾದಷ್ಟಿವೆ. ಅವಳ ಕೈಯಿಂದ ಆಗಿದ್ದು ಅಂತ ಇದ್ದದ್ದು ಆ ಒಂದು ಗೆರೆ.” ಎದ್ದು ನಿಂತಳು. ನೆಲದ ಮೇಲೆಲ್ಲ ಕಣ್ಣಾಡಿಸಿದಳು. “ಉಜ್ಜಿದ ಪುಡಿ ಎಲ್ಲಿ ಹಾಕಿದ್ರಿ?”

ಪುರಾಣ ಹಿಂದಿನ ಕೋಣೆಯ ಕಪಾಟಿನಿಂದ ಬಾಟಲಿ ತಂದಳು. ಅರ್ಧದಷ್ಟು ಕೆಂಪು ಪುಡಿ. ಈ ಸಲ ಅವಳು ಯಾವ ಕಥೆಯನ್ನೂ ಕಟ್ಟಲಿಲ್ಲ. “ಇದರಲ್ಲಿ ಬೇರೆ ಮನೆ ಸಾಮಾನಿನದೂ ಸೇರಿದೆ. ಯಾವುದು ಯಾವುದು ಅಂತ ನನಗೂ ಗೊತ್ತಾಗಲ್ಲ,” ಎಂದಳು.

“ಇರಲಿ.”

ತಾಯಿ ಕನ್ನಡಿಗೆಂದು ತಂದಿದ್ದ ಹೊದಿಕೆಯನ್ನು ನೆಲದ ಮೇಲೆ ಹಾಸಿದಳು. ಗೇಣುದ್ದದ ಆ ಬಾಟಲಿಯನ್ನು ನಡುವೆ ಮಲಗಿಸಿ, ಮಡಿಕೆಯ ಮೇಲೆ ಮಡಿಕೆ ಸುತ್ತಿ, ಎರಡೂ ಕೈಯಿಂದ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು.